ಅಂಗಡಿಯ ಸೂರಿನಲ್ಲಿ ನಡೆಯುವವರಿಗೂ ಪಾಲಿರಲಿ

ಮುಂಬೈಯ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಜುಲೈ ಮಳೆಯಲ್ಲೂ ಕೊಡೆ ಬಿಚ್ಚದೆ ಬಹಳ ದೂರ ನಡೆಯಬಹುದು. 1860ರ ದಶಕದಲ್ಲಿ ಅಗಲಗೊಂಡ ಈ ರಸ್ತೆಗೆ ಆಗ ಹಾರ್ನ್‌ಬಿ ರೋಡ್ ಎಂದು ಹೆಸರು. ಇಲ್ಲಿ ಕಟ್ಟಡ ಕಟ್ಟುವವರು ರಸ್ತೆ ಬದಿಗೆ ಕಮಾನುಗಳ ಮೊಗಸಾಲೆಯನ್ನು ಪಾದಚಾರಿಗಳಿಗೆ ಬಿಡಲೇಬೇಕೆಂದು 1896ರಲ್ಲಿ ಸರ್ಕಾರ ನಿಯಮ ತಂದಿತು. ಮೇಲಿನ ಅಂತಸ್ತುಗಳು ಒಂದರಂತೆ ಒಂದಿಲ್ಲ: ಒಂದು ಕಡೆ ಗಾಥಿಕ್ ಚೂಪು ಕಮಾನು, ಇನ್ನೊಂದು ಕಡೆ ಗ್ರೀಕ್ ಮಾದರಿಯ ಕಂಬ. ಬ್ಯಾಂಕು, ವಿಮಾ ಕಂಪನಿ, ಬಟ್ಟೆ ಅಂಗಡಿ ಎಲ್ಲವನ್ನೂ ಒಂದೇ ಬೀದಿಯಾಗಿ ಹಿಡಿದಿಟ್ಟಿರುವುದು ಕೆಳಗಿನ ಈ ಮೊಗಸಾಲೆ. ಬೀದಿ ವ್ಯಾಪಾರಿಗಳ ನೂಕುನುಗ್ಗಲು ಇದೆ, ನಿಜ. ಆದರೂ ತಲೆ ನೆನೆಯುವುದಿಲ್ಲ.

ನಮ್ಮ ಕೊಡಗಿನ ಪೇಟೆಗಳಿಗೆ ಇಂಥ ನಿಯಮ ಬೇಕಿರಲಿಲ್ಲ, ಮಳೆಯೇ ಕಲಿಸಿತ್ತು. ಮಡಿಕೇರಿಯ ಮಹದೇವಪೇಟೆಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಹಳೆಯ ಅಂಗಡಿ ಎಂದರೆ ಮಂಗಳೂರು ಹೆಂಚಿನ ಇಳಿಜಾರು ಮಾಡು, ಜಗಲಿಯನ್ನು ದಾಟಿ ಮುಂದಕ್ಕೆ ಚಾಚಿದ ಸೂರು, ಮರದ ಕಂಬಗಳು, ರಾತ್ರಿ ಒಂದೊಂದಾಗಿ ಜೋಡಿಸಿ ಮುಚ್ಚುವ ಹಲಗೆ ಬಾಗಿಲು. ಗೋಡೆಗೆ ಇರಚಲು ಹೊಡೆಯದಿರಲೆಂದು ಚಾಚಿದ ಆ ಸೂರಿನಡಿ ದಾರಿಹೋಕರೂ ನಿಲ್ಲುತ್ತಿದ್ದರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಸ್ಸಿಗೆ ಕಾಯುವವರು ಅಂಗಡಿಯವರ ಅಪ್ಪಣೆ ಕೇಳುತ್ತಿರಲಿಲ್ಲ.

ಈಗ ಊರಿಗೆ ಬಂದಾಗಲೆಲ್ಲ ಕಾಣುವುದು ಚರಂಡಿಯ ಅಂಚಿನಿಂದ ನೇರ ಮೇಲೆದ್ದ ಗಾಜಿನ ಮುಂಭಾಗ. ಸಮತಟ್ಟಾದ ತಾರಸಿ ಸೋರತೊಡಗಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಬರುತ್ತದೆ. ಇಳಿಜಾರು ಮಾಡಿಗೇ ಮರಳಿದೆವು, ಸೂರು ಮಾತ್ರ ಮರಳಲಿಲ್ಲ. ನಡೆಯುವವರು ಮಳೆಗೂ ಜೀಪಿಗೂ ಮೈಯೊಡ್ಡಿ ರಸ್ತೆಗಿಳಿಯಬೇಕು. ಇದು ನನಗೆ ಸಂಕಟ ತರುತ್ತದೆ.

ಪೇಟೆಯ ಜಾಗ ದುಬಾರಿ, ಯಾರು ಬಿಟ್ಟುಕೊಡುತ್ತಾರೆ ಎನ್ನುತ್ತಾರೆ ನೆಂಟರು. ಹಾರ್ನ್‌ಬಿ ರೋಡಿನ ಜಾಗವೇನು ಅಗ್ಗವಾಗಿತ್ತೆ? ಅಲ್ಲಿ ಮೊಗಸಾಲೆಯ ನೆತ್ತಿಯ ಮೇಲೆಯೇ ಮಾಲೀಕರ ಮೇಲಂತಸ್ತುಗಳು ಎದ್ದವು. ಬಿಟ್ಟದ್ದು ನೆಲ ಅಂತಸ್ತಿನ ಒಂದು ಪಟ್ಟಿ ಮಾತ್ರ. ನೂರು ವರ್ಷದ ನಂತರ ಕಮಾನುಗಳನ್ನು ನಾಮಫಲಕಗಳು ಮುಚ್ಚತೊಡಗಿದಾಗ, ಕಟ್ಟಡದ ಅಂದ ಕೆಡದಂತೆ ಫಲಕ ಹಾಕುವ ಕ್ರಮವನ್ನೂ ರೂಪಿಸಿದರು. ಆ ಬೀದಿಯ ಕೆಲಸಕ್ಕೆ 2004ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು.

ನಮಗೆ ಪರಂಪರೆ ಎಂದರೆ ಕೋಟೆ, ರಾಜರ ಸಮಾಧಿಗಳಿರುವ ಗದ್ದುಗೆ, ಓಂಕಾರೇಶ್ವರ ದೇವಸ್ಥಾನ. ಅಂಗಡಿ ಸಾಲು ಆ ಪಟ್ಟಿಗೆ ಬರುವುದೇ ಇಲ್ಲ. ಹೊಸ ಕಟ್ಟಡಕ್ಕೆ ಹಳೆಯ ವೇಷ ಹಾಕಿಸಿ ಎಂದು ನಾನು ಕೇಳುತ್ತಿಲ್ಲ. ಕಾಂಕ್ರೀಟ್ ಇರಲಿ, ಗಾಜೂ ಇರಲಿ. ಪೇಟೆ ಬೀದಿಯಲ್ಲಿ ಕಟ್ಟಲು ಪರವಾನಗಿ ಕೊಡುವಾಗ, ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲದ ಸೂರು ಪಕ್ಕದ ಅಂಗಡಿಯ ಸೂರಿಗೆ ಕೂಡಿಕೊಳ್ಳುವಂತೆ ಇರಲೇಬೇಕೆಂಬ ಒಂದು ಷರತ್ತನ್ನು ಮಡಿಕೇರಿ, ವಿರಾಜಪೇಟೆಗಳ ಸ್ಥಳೀಯ ಆಡಳಿತಗಳು ಸೇರಿಸಲಿ. ಉಳಿದಿರುವ ಹೆಂಚಿನ ಅಂಗಡಿಗಳ ದುರಸ್ತಿಗೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿಯನ್ನೂ ಕೊಡಲಿ.