ಆಟದ ಮನೆಯ ಗೋಡೆಗೂ ಚಿತ್ರಕಾರರ ಹೆಸರು ಬೇಕು

ಸಿಮ್ಸ್ 4 ಎಂಬ ಕಂಪ್ಯೂಟರ್ ಆಟದೊಳಗಿನ ಮನೆಗಳಿಗೆ ತಾವೇ ಗೋಡೆಚಿತ್ರಗಳನ್ನು ತಯಾರಿಸಿ, ಬೇರೆ ಆಟಗಾರರಿಗೂ ಹಂಚುವ ಹವ್ಯಾಸ ನಮ್ಮವರಲ್ಲಿಯೂ ಬೆಳೆಯುತ್ತಿದೆ. ಮೈಸೂರು ಶೈಲಿಯ ದೇವರ ಪಟಗಳು, ರಾಜಾ ರವಿವರ್ಮರ ಲಕ್ಷ್ಮಿ, ಸರಸ್ವತಿ, ಮಲೆನಾಡಿನ ಚಿತ್ತಾರ ಇವೆಲ್ಲ ಈಗ ಆಟದ ಪಡಸಾಲೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ನಾನೂ ಈ ಕೆಲಸದಲ್ಲಿ ತೊಡಗಿರುವವಳಾದ್ದರಿಂದ ಇದು ನನಗೆ ತುಂಬ ಸಂತೋಷದ ಸಂಗತಿ. ಆದರೆ ಹೀಗೆ ಹಂಚಿಕೆಯಾಗುವ ಫೈಲುಗಳನ್ನು ಡೌನ್‌ಲೋಡ್ ಮಾಡಿ ನೋಡಿದಾಗ ಒಂದು ಕೊರತೆ ಮತ್ತೆ ಮತ್ತೆ ಎದುರಾಗುತ್ತದೆ. ‘ಇಂಡಿಯನ್ ಆರ್ಟ್ 1’, ‘ಇಂಡಿಯನ್ ಆರ್ಟ್ 2’ ಎಂಬಂಥ ಹೆಸರುಗಳ ಹೊರತು ಅವುಗಳಲ್ಲಿ ಬೇರೇನೂ ಇರುವುದಿಲ್ಲ. ಚಿತ್ರ ಯಾರದು, ಯಾವ ಸೀಮೆಯದು, ಎಲ್ಲಿಂದ ತೆಗೆದುಕೊಂಡದ್ದು ಎಂಬುದನ್ನು ತಿಳಿಸುವ ಒಂದು ಸಾಲೂ ಇರುವುದಿಲ್ಲ. ಆಟದ ಗೋಡೆಗೆ ತೂಗುಹಾಕುವ ಚಿತ್ರವೂ ಚಿತ್ರವೇ; ಪುಸ್ತಕದಲ್ಲಿ ಅಚ್ಚು ಹಾಕುವಾಗ ನಾವು ಎಷ್ಟು ಪ್ರಾಮಾಣಿಕರಾಗಿರುತ್ತೇವೆಯೋ ಇಲ್ಲಿಯೂ ಅಷ್ಟೇ ಪ್ರಾಮಾಣಿಕರಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ವಿಲ್ ರೈಟ್ ರೂಪಿಸಿದ ‘ದಿ ಸಿಮ್ಸ್’ 2000ದ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಬೆಟ್ಟಗಳಲ್ಲಿ ಹಬ್ಬಿದ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಗಿತ್ತು. ಸಂಸಾರವನ್ನು ಮತ್ತೆ ಒಂದೊಂದೇ ವಸ್ತುವಿನಿಂದ ಕಟ್ಟಿಕೊಂಡ ಅನುಭವ ಈ ಆಟದ ಹಿಂದಿದೆ. ಇಲ್ಲಿ ಗೆಲ್ಲುವುದು, ಸೋಲುವುದು ಎಂಬುದಿಲ್ಲ. ಮನೆ ಕಟ್ಟಬೇಕು, ಅದರೊಳಗಿನ ಜನರನ್ನು ಬದುಕಿಸಬೇಕು. ಗೋಡೆಯ ಚಿತ್ರ ಇಲ್ಲಿ ಬರಿಯ ಅಲಂಕಾರವಲ್ಲ, ಕೋಣೆ ಅಂದವಾಗಿದ್ದರೆ ಅದರಲ್ಲಿರುವವರ ಮನಃಸ್ಥಿತಿ ಸುಧಾರಿಸುತ್ತದೆ; ಅವರು ಚಿತ್ರದ ಎದುರು ಬಂದು ನಿಂತು ಅದನ್ನು ನೋಡುತ್ತಾರೆ. ಮೊದಲ ಆಟದ ಕಾಲದಲ್ಲಿಯೇ ತಯಾರಕರಾದ ಮ್ಯಾಕ್ಸಿಸ್ ಸಂಸ್ಥೆಯವರು ಗೋಡೆ, ನೆಲಗಳ ವಿನ್ಯಾಸಕ್ಕೆ ಹೋಮ್‌ಕ್ರಾಫ್ಟರ್ ಎಂಬ ಉಪಕರಣವನ್ನೂ, ಸ್ವಂತ ಚಿತ್ರಗಳನ್ನು ಚೌಕಟ್ಟಿನೊಳಗೆ ಕೂರಿಸುವುದಕ್ಕೆ ಆರ್ಟ್ ಸ್ಟುಡಿಯೋ ಎಂಬುದನ್ನೂ ಆಟಗಾರರ ಕೈಗೆ ಕೊಟ್ಟಿದ್ದರು. ಆದ್ದರಿಂದ ನಾವು ಮಾಡುತ್ತಿರುವುದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ, ಆಟದ ಹುಟ್ಟಿನೊಂದಿಗೇ ಬಂದ ಸಂಪ್ರದಾಯ. 2014ರಲ್ಲಿ ಬಂದ ಸಿಮ್ಸ್ 4ರ ಮೂಲ ಆಟವನ್ನು 2022ರ ಅಕ್ಟೋಬರಿನಿಂದ ಉಚಿತವಾಗಿ ಕೊಡಲಾಗುತ್ತಿರುವುದರಿಂದ, ದುಡ್ಡು ಕೊಟ್ಟು ಕೊಳ್ಳಲಾಗದಿದ್ದ ಹುಡುಗ ಹುಡುಗಿಯರಿಗೂ ಅದು ಸಿಗುವಂತಾಯಿತು. 2021ರಲ್ಲಿ ಮುಂಬೈನ ಬೀದಿ ಫ್ಯಾಷನ್ನಿನಿಂದ ಪ್ರೇರಿತವಾದ ಉಡುಪುಗಳ ಕಿಟ್ ಒಂದೂ ಬಂದಿದೆ. ಆದರೆ ನಮ್ಮ ಮನೆಗಳ ಗೋಡೆಯ ಮೇಲೆ ಕಾಣುವ ಚಿತ್ರಗಳು ಆಟದಲ್ಲಿ ಬೇಕೆಂದರೆ ಅವನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

ಮಾಡುವ ಕ್ರಮ ಕಷ್ಟದ್ದೇನಲ್ಲ. ಸಿಮ್ಸ್ 4 ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಲ್ಲಿ ಆಟದ ಒಂದು ಗೋಡೆಚಿತ್ರವನ್ನು ಆರಿಸಿ, ಅದರ ನಕಲಿನಿಂದ ಹೊಸ ವಸ್ತುವೊಂದನ್ನು ಸೃಷ್ಟಿಸಿಕೊಳ್ಳಬೇಕು. ಅದರ ಟೆಕ್ಸ್ಚರನ್ನು, ಅಂದರೆ ವಸ್ತುವಿನ ಮೇಲ್ಮೈಗೆ ಹೊದಿಸಿರುವ ಚಿತ್ರವನ್ನು, ಹೊರತೆಗೆದು, ಚಿತ್ರ ತಿದ್ದುವ ತಂತ್ರಾಂಶಗಳಾದ ಗಿಂಪ್ ಅಥವಾ ಕ್ರಿಟಾದಲ್ಲಿ ನಮ್ಮ ಚಿತ್ರವನ್ನು ಅದರ ಮೇಲೆ ಕೂರಿಸಿ, ಮತ್ತೆ ಒಳಗೆ ಸೇರಿಸಿ, ಪ್ಯಾಕೇಜ್ ಫೈಲಾಗಿ ಉಳಿಸಿ, ಆಟಗಾರರೇ ಮಾಡಿದ ಸೇರ್ಪಡೆಗಳಾದ ಮಾಡ್‌ಗಳನ್ನು ಇಡುವ ಮಾಡ್ಸ್ ಫೋಲ್ಡರಿನಲ್ಲಿಟ್ಟರೆ ಕೆಲಸ ಮುಗಿಯಿತು. ನಕಲಿಗೆ ಆರಿಸುವ ಚಿತ್ರ ಮೂಲ ಆಟದ್ದೇ ಆಗಿರಲಿ. ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಪ್ಯಾಕಿನದಾದರೆ ಆ ಪ್ಯಾಕ್ ಇಲ್ಲದವರಿಗೆ ತೊಂದರೆಯಾಗಬಹುದು. ಈ ಕ್ರಮದ ನಡುವೆ ವಸ್ತುವಿನ ಹೆಸರನ್ನೂ ವಿವರಣೆಯನ್ನೂ ತುಂಬುವ ಎರಡು ಜಾಗಗಳು ಬರುತ್ತವೆ. ಆಟದೊಳಗೆ ಆ ಚಿತ್ರವನ್ನು ಕೊಳ್ಳಲು ಹೋದಾಗ ಕ್ಯಾಟಲಾಗಿನಲ್ಲಿ ಕಾಣುವುದು ಅಲ್ಲಿ ಬರೆದ ಮಾತುಗಳೇ. ಚಿತ್ರಕಾರರ ಹೆಸರು, ಕಾಲ, ಊರು, ಮೂಲ ಚಿತ್ರ ಇರುವ ಸ್ಥಳ ಇವಿಷ್ಟನ್ನು ಅಲ್ಲಿ ಬರೆಯಲು ಐದು ನಿಮಿಷವೂ ಬೇಡ. ಬ್ರೆಜಿಲಿನಲ್ಲೋ ಪೋಲೆಂಡಿನಲ್ಲೋ ಕುಳಿತು ನಮ್ಮ ಫೈಲನ್ನು ಬಳಸುವ ಆಟಗಾರನಿಗೆ ಮೈಸೂರು ಎಂಬ ಊರಿನ ಹೆಸರು ಮೊದಲ ಬಾರಿಗೆ ತಿಳಿಯುವುದು ಅಲ್ಲಿಯೇ ಆಗಿರಬಹುದು. ಅಂಥ ಜಾಗವನ್ನು ಖಾಲಿ ಬಿಡುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಹೆಸರಿನಷ್ಟೇ ಮುಖ್ಯವಾದದ್ದು ಚಿತ್ರದ ಅಳತೆ. ಆಟದ ಚೌಕಟ್ಟಿನ ಆಕಾರ ಮೊದಲೇ ನಿಗದಿಯಾಗಿರುತ್ತದೆ, ಟೆಕ್ಸ್ಚರಿನ ಇಂತಿಷ್ಟು ಭಾಗ ಚಿತ್ರಕ್ಕೆ, ಇಂತಿಷ್ಟು ಚೌಕಟ್ಟಿಗೆ ಎಂದು ಹಂಚಿಕೆಯಾಗಿರುತ್ತದೆ. ಎತ್ತರವಾದ ಪಟವನ್ನು ಅಗಲವಾದ ಚೌಕಟ್ಟಿಗೆ ಎಳೆದು ಕೂರಿಸಿದರೆ ದೇವಿಯ ಮುಖ ಅಡ್ಡಕ್ಕೆ ಹಿಗ್ಗಿ, ಕೈಗಳು ಕುಳ್ಳಾಗುತ್ತವೆ. ಇದನ್ನು ತಪ್ಪಿಸಲು ಕೆಲವರು ಚಿತ್ರದ ಅಂಚನ್ನು ಕತ್ತರಿಸುತ್ತಾರೆ, ಅದೂ ಸರಿಯಲ್ಲ. ರವಿವರ್ಮರ ಮುದ್ರಣಾಲಯದ ಪಟಗಳನ್ನೇ ತೆಗೆದುಕೊಳ್ಳಿ. 1894ರಲ್ಲಿ ಮುಂಬೈನಲ್ಲಿ ಆರಂಭವಾಗಿ ಮುಂದೆ ಲೋನಾವಳದ ಸಮೀಪಕ್ಕೆ ಸ್ಥಳಾಂತರಗೊಂಡ ಆ ಮುದ್ರಣಾಲಯದ ಹಲವು ಪಟಗಳ ಕೆಳ ಅಂಚಿನಲ್ಲಿ ಚಿತ್ರದ ಶೀರ್ಷಿಕೆಯೂ ಮುದ್ರಣಾಲಯದ ಹೆಸರೂ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಅದು ಕೈಯಿಂದ ಬರೆದ ತೈಲಚಿತ್ರವಲ್ಲ, ಕಲ್ಲಚ್ಚಿನಲ್ಲಿ ಮುದ್ರಿಸಿದ ಪಟ ಎಂಬುದಕ್ಕೆ ಆ ಸಾಲೇ ಸಾಕ್ಷಿ. ನಮ್ಮ ಅಜ್ಜಿಯರ ಮನೆಗಳ ಗೋಡೆಯಲ್ಲಿ ಇದ್ದದ್ದು ಆ ಅಂಚಿನ ಸಮೇತವಾದ ಪಟವೇ. ಚೌಕಟ್ಟಿಗೆ ಹೊಂದುವುದಿಲ್ಲವೆಂದು ಅದನ್ನು ಕತ್ತರಿಸುವ ಬದಲು ಹೊಂದುವ ಚೌಕಟ್ಟನ್ನು ಹುಡುಕಬೇಕು, ಸಿಗದಿದ್ದರೆ ಸುತ್ತಲೂ ಬಿಳಿಯ ಅಂಚು ಬಿಟ್ಟು ಕೂರಿಸಬೇಕು.

ಇನ್ನು ಮೈಸೂರು ಶೈಲಿಯ ವಿಷಯ. ಇದರಷ್ಟು ಎಚ್ಚರ ಬೇಡುವ ಚಿತ್ರ ಇನ್ನೊಂದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಈ ಶೈಲಿಯಲ್ಲಿ ಒಡವೆ, ಸೆರಗಿನ ಅಂಚು, ಮಂಟಪದ ಕಂಬ ಇವನ್ನು ಗೆಸ್ಸೊ ಎಂಬ ಅಂಟುಲೇಪದ ಕೆಲಸದಿಂದ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ತಂಜಾವೂರಿನ ಪಟಗಳಲ್ಲಿ ಉಬ್ಬು ಎದ್ದು ಕಾಣುತ್ತದೆ, ಮೈಸೂರಿನದರಲ್ಲಿ ಅದು ತೆಳುವಾಗಿ, ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಗೊತ್ತಾಗುವಂತಿರುತ್ತದೆ. ಇಂಥ ಪಟದ ಫೋಟೋವನ್ನು ನೇರವಾಗಿ ಆಟಕ್ಕೆ ಹಾಕಿದರೆ ಚಿನ್ನ ಸಾಸಿವೆ ಬಣ್ಣದ ತೇಪೆಯಾಗಿಬಿಡುತ್ತದೆ, ಏಕೆಂದರೆ ಬಣ್ಣದ ಪದರಕ್ಕೆ ಹೊಳೆಯುವ ಗುಣವಿಲ್ಲ. ಹೊಳಪನ್ನು ನಿರ್ಧರಿಸುವುದು ಸ್ಪೆಕ್ಯುಲರ್ ಎಂಬ ಬೇರೊಂದು ಪದರ, ಉಬ್ಬುತಗ್ಗನ್ನು ತೋರಿಸುವುದು ಬಂಪ್ ಎಂಬ ಮತ್ತೊಂದು ಪದರ. ಚಿನ್ನವಿರುವ ಜಾಗಗಳನ್ನಷ್ಟೇ ಗುರುತಿಸಿ ಮೊದಲನೆಯದರಲ್ಲಿ ಬೆಳಗಿಸಬೇಕು, ಎರಡನೆಯದರಲ್ಲಿ ಬಹಳ ಮಿತವಾಗಿ ಉಬ್ಬಿಸಬೇಕು. ಒಂದೊಂದು ಬಳೆ, ಒಂದೊಂದು ಜುಮುಕಿಯ ಅಂಚನ್ನು ಹಿಡಿದು ಗುರುತಿಸುವ ಈ ಕೆಲಸ ನಿಧಾನದ್ದು. ಆದರೆ ಆಟದಲ್ಲಿ ಸಂಜೆಯಾಗಿ ದೀಪ ಹೊತ್ತಿಕೊಂಡಾಗ, ನೋಡುವ ಕೋನ ಬದಲಾದಂತೆ ಕಿರೀಟ ಮಾತ್ರ ಮಿನುಗಿ ಮುಖ ಶಾಂತವಾಗಿಯೇ ಉಳಿಯುವುದನ್ನು ಕಂಡವರಿಗೆ ಆ ಶ್ರಮ ಯಾಕೆಂದು ಬೇರೆ ಹೇಳಬೇಕಾಗಿಲ್ಲ.

ಚಿತ್ತಾರದ ಸಮಸ್ಯೆಯೇ ಬೇರೆ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆಗಳು ಬಹಳ ಸಣ್ಣವು. ಹಸೆಗೋಡೆಯ ಇಡೀ ಚಿತ್ತಾರವನ್ನು 512 ಪಿಕ್ಸೆಲ್ಲಿನ ಚೌಕಕ್ಕೆ ಇಳಿಸಿದರೆ ಗೆರೆಗಳು ಒಂದರೊಳಗೊಂದು ಕರಗಿ, ದೂರದಿಂದ ನೋಡಿದಾಗ ಗುಲಾಬಿ ಛಾಯೆಯ ಮಬ್ಬು ಮಾತ್ರ ಉಳಿಯುತ್ತದೆ. ಆದ್ದರಿಂದ 1024ರ ಚೌಕವನ್ನೇ ಬಳಸಬೇಕು, ಸಾಧ್ಯವಾದರೆ ಚಿತ್ತಾರದ ಒಂದು ಭಾಗವನ್ನಷ್ಟೇ ದೊಡ್ಡದಾಗಿ ಬಿಡಿಸಬೇಕು. ಇನ್ನೊಂದು ಮಾತು: ಚಿತ್ತಾರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಮದುವೆಯ ಮನೆಯ ಗೋಡೆಯ ಮೇಲೆಯೇ ಹುಟ್ಟುವ ಚಿತ್ರ. ಚೌಕಟ್ಟಿಲ್ಲದೆ ಗೋಡೆಗೆ ಅಂಟಿಕೊಳ್ಳುವ ಭಿತ್ತಿಚಿತ್ರದ ಮಾದರಿಯನ್ನು ಆರಿಸಿಕೊಂಡರೆ ಅದರ ಸ್ವಭಾವ ಉಳಿಯುತ್ತದೆ. ಚಿತ್ತಾರ ಇಡೀ ಸಮುದಾಯದ್ದು, ಅದಕ್ಕೆ ಒಬ್ಬರ ಹೆಸರೇಕೆ ಎಂದು ಕೇಳುವವರಿದ್ದಾರೆ. ಪರಂಪರೆ ಸಮುದಾಯದ್ದು ಹೌದು. ಆದರೆ ನೀವು ಫೋಟೋ ತೆಗೆದುಕೊಂಡ ಆ ನಿರ್ದಿಷ್ಟ ಗೋಡೆಯ ಚಿತ್ತಾರವನ್ನು ಬರೆದದ್ದು ಒಬ್ಬ ಹೆಣ್ಣುಮಗಳು. ಆಕೆಯನ್ನು ಕೇಳಬೇಕು, ಆಕೆ ಒಪ್ಪಿದರೆ ಹೆಸರು ಹಾಕಬೇಕು, ಒಪ್ಪದಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಬೇಕು.

ಹಕ್ಕಿನ ಪ್ರಶ್ನೆಯನ್ನು ಕಾನೂನಿನ ಕಡೆಯಿಂದಲೂ ನೋಡೋಣ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಕಾರರ ಜೀವಿತಾವಧಿಯಲ್ಲಿಯೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೂ ಹಕ್ಕು ಇರುತ್ತದೆ. ರವಿವರ್ಮರು 1906ರಲ್ಲಿ ತೀರಿಕೊಂಡದ್ದರಿಂದ ಅವರ ಚಿತ್ರಗಳ ಬಗ್ಗೆ ಆತಂಕವಿಲ್ಲ. ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದ ನಮ್ಮ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ, ಅಂದರೆ ಅವಧಿ 2025ರ ಕೊನೆಯವರೆಗೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು 1996ರವರೆಗೆ ನಮ್ಮೊಡನಿದ್ದರು. ಅವರ ಚಿತ್ರಗಳು 2056ರ ಕೊನೆಯವರೆಗೂ ಹಕ್ಕಿನ ರಕ್ಷಣೆಯಲ್ಲಿವೆ. ಹೆಬ್ಬಾರರ ಕುಣಿಯುವ ಗೆರೆಗಳನ್ನು ಆಟದೊಳಗೆ ತರಬೇಕೆಂಬ ಆಸೆ ನನಗೂ ಬಹಳವಿದೆ, ಆದರೆ ಅನುಮತಿಯಿಲ್ಲದೆ ಹಂಚಲಾಗದು, ಹಂಚಬಾರದು. ಚಿತ್ರ ಹಳೆಯದಾದರೂ ಅದರ ಫೋಟೋ ಹೊಸದಾಗಿದ್ದರೆ ಛಾಯಾಗ್ರಾಹಕರ ಹಕ್ಕು ಬೇರೆಯಾಗಿಯೇ ಇರಬಹುದು ಎಂಬುದನ್ನೂ ಮರೆಯಬಾರದು.

ವೆಂಕಟಪ್ಪನವರ ವಿಷಯದಲ್ಲಿ ಹಕ್ಕಿನ ಅವಧಿ ಮುಗಿದರೂ ಬೇರೊಂದು ತೊಡಕು ಉಳಿಯುತ್ತದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಅವರ ಹೆಸರಿನ ಕಲಾ ಗ್ಯಾಲರಿಯನ್ನು ನೋಡಿದವರಿಗೆ ಊಟಿಯ ಜಲವರ್ಣಗಳು ನೆನಪಿರುತ್ತವೆ. ಅವುಗಳ ಜೀವಾಳವೇ ಮಂಜು ಮತ್ತು ಬೆಳಕಿನ ಅತಿ ಸೂಕ್ಷ್ಮವಾದ ಏರಿಳಿತ. ಆಟ ಬಳಸುವ ಡಿಎಕ್ಸ್‌ಟಿ5 ಎಂಬ, ಚಿತ್ರದ ಫೈಲನ್ನು ಚಿಕ್ಕದಾಗಿಸುವ ಸಂಕೋಚನ ಕ್ರಮದಲ್ಲಿ ಪ್ರತಿ 16 ಪಿಕ್ಸೆಲ್ಲುಗಳ ಗುಂಪಿಗೆ ಎರಡು ಬಣ್ಣಗಳನ್ನು ಇಟ್ಟುಕೊಂಡು, ಅವುಗಳ ನಡುವಿನ ಇನ್ನೆರಡನ್ನು ಲೆಕ್ಕ ಹಾಕಿ, ಒಟ್ಟು ನಾಲ್ಕರಲ್ಲಿ ಎಲ್ಲವನ್ನೂ ಮುಗಿಸಲಾಗುತ್ತದೆ. ದಪ್ಪ ಗೆರೆಯ, ಗಾಢ ಬಣ್ಣದ ಚಿತ್ರಗಳಿಗೆ ಅಷ್ಟು ಸಾಕು. ಮಂಜಿಗೆ ಸಾಲದು, ಅದು ಚೌಕ ಚೌಕವಾಗಿ ಒಡೆದುಕೊಳ್ಳುತ್ತದೆ. ಒಬ್ಬ ಕಲಾವಿದನ ಅತ್ಯುತ್ತಮ ಗುಣವೇ ಕಾಣೆಯಾಗುವ ಹಾಗಿದ್ದರೆ ಆ ಚಿತ್ರವನ್ನು ಆಟಕ್ಕೆ ತರದಿರುವುದೇ ಗೌರವ ಎಂದು ನಾನು ಭಾವಿಸುತ್ತೇನೆ.

ಇದಕ್ಕಿಂತಲೂ ನನ್ನನ್ನು ಕಾಡುವ ಪ್ರಶ್ನೆ ಆಟದೊಳಗಿನ ಚಿತ್ರಫಲಕದ್ದು. ಆಟದ ಪಾತ್ರಗಳು ಫಲಕದ ಮುಂದೆ ನಿಂತು ಚಿತ್ರ ಬರೆಯುತ್ತವೆ, ಬರೆದದ್ದನ್ನು ಸಿಮೋಲಿಯನ್ ಎಂಬ ಆಟದ ಹಣಕ್ಕೆ ಮಾರುತ್ತವೆ. ಅವು ಬರೆಯುವ ಚಿತ್ರಗಳ ಜಾಗದಲ್ಲಿ ನಮಗೆ ಬೇಕಾದ ಚಿತ್ರಗಳನ್ನು ಇಡುವ ಮಾಡ್‌ಗಳೂ ಉಂಟು. ಆಗ ನಿಜವಾದ ಕಲಾವಿದರ ಕೃತಿಯನ್ನು ಆಟದ ಪಾತ್ರವೊಂದು ತನ್ನದೆಂದು ಬರೆದು, ತನ್ನದೆಂದು ಮಾರಿದಂತಾಗುತ್ತದೆ. ಗೋಡೆಗೆ ತೂಗುಹಾಕುವುದಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ಮೊದಲನೆಯದರಲ್ಲಿ ಚಿತ್ರ ಮನೆಗೆ ಬಂದ ಅತಿಥಿ, ಎರಡನೆಯದರಲ್ಲಿ ಅದರ ಕರ್ತೃವೇ ಬದಲಾಗುತ್ತಾನೆ. ಫಲಕದ ಮಾಡ್‌ಗಳಿಗೆ ನಾವು ಸ್ವತಃ ಬರೆದ ಚಿತ್ರಗಳನ್ನಷ್ಟೇ ಬಳಸೋಣ ಎಂಬುದು ನನ್ನ ಕೋರಿಕೆ. ಮಕ್ಕಳು ಬರೆದ ಚಿತ್ರಗಳು ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತವೆ, ತಮ್ಮ ಚಿತ್ರವನ್ನು ಆಟದ ಪಾತ್ರ ಬರೆಯುವುದನ್ನು ನೋಡಿ ಅವರು ಹಿಗ್ಗುತ್ತಾರೆ.

ಕೃತಕ ಬುದ್ಧಿಮತ್ತೆಯ ಯಂತ್ರದಿಂದ ತಯಾರಾದ ‘ಮೈಸೂರು ಶೈಲಿ’ಯ ಪಟಗಳೂ ಈಚೆಗೆ ಬರುತ್ತಿವೆ. ಸರಸ್ವತಿಯ ಕೈಯಲ್ಲಿ ತಂತಿಗಳೆಲ್ಲ ಸಿಕ್ಕುಗಟ್ಟಿದ ವೀಣೆ, ಎಣಿಸಿದರೆ ಹೆಚ್ಚಾಗುವ ಬೆರಳುಗಳು, ಯಾವ ದೇವತೆಗೂ ಸೇರದ ಆಯುಧಗಳು ಅವುಗಳಲ್ಲಿ ಕಾಣುತ್ತವೆ. ಹಂಚುವವರು ಹಂಚಲಿ, ಆದರೆ ಅದು ಯಂತ್ರದ್ದೆಂದು ವಿವರಣೆಯಲ್ಲಿ ಬರೆಯಲಿ.

ಹಣದ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಮಾಡ್‌ಗಳನ್ನು ಉಚಿತವಾಗಿಯೇ ಹಂಚಬೇಕು, ಬೆಂಬಲಿಗರಿಗೆ ಸ್ವಲ್ಪ ಕಾಲ ಮುಂಚಿತವಾಗಿ ಕೊಡಬಹುದು, ದೇಣಿಗೆ ಸ್ವೀಕರಿಸಬಹುದು ಎಂದು ಆಟದ ಪ್ರಕಾಶಕ ಸಂಸ್ಥೆಯಾದ ಎಲೆಕ್ಟ್ರಾನಿಕ್ ಆರ್ಟ್ಸ್ 2022ರಲ್ಲಿ ತನ್ನ ನೀತಿಯನ್ನು ಸ್ಪಷ್ಟಪಡಿಸಿತು. ಬೇರೆಯವರ ಚಿತ್ರದ ಮೇಲೆ ನಿಂತ ಈ ಕೆಲಸಕ್ಕೆ ಆ ಮಿತಿ ನ್ಯಾಯವಾದದ್ದೇ.

ಆಟದ ಮೆನುಗಳು ಕನ್ನಡದಲ್ಲಿಲ್ಲ, ಯಾವ ಭಾರತೀಯ ಭಾಷೆಯಲ್ಲಿಯೂ ಇಲ್ಲ. ಆದರೆ ಚಿತ್ರದೊಳಗಿನ ಅಕ್ಷರವನ್ನು ಆಟ ಅಕ್ಷರವೆಂದು ನೋಡುವುದಿಲ್ಲ, ಬಣ್ಣವೆಂದೇ ನೋಡುತ್ತದೆ. ಹಾಗಾಗಿ ಪಟದ ಕೆಳಗೆ ಚಿತ್ರಕಾರರ ಹೆಸರನ್ನು ಕನ್ನಡದಲ್ಲಿ ಬರೆದರೆ ಅದು ಜಗತ್ತಿನ ಯಾವ ಕಂಪ್ಯೂಟರಿನಲ್ಲಿಯೂ ಬರೆದಂತೆಯೇ ಕಾಣುತ್ತದೆ. ನಾನು ಮಾಡುವ ಎಲ್ಲ ಪಟಗಳಲ್ಲಿಯೂ ಈಗ ಬಿಳಿ ಅಂಚಿನೊಳಗೆ ಈ ಸಾಲನ್ನು ಸೇರಿಸುತ್ತಿದ್ದೇನೆ.

ಮುಂದಿನ ಸಂಗ್ರಹಕ್ಕಾಗಿ ಹಳೆಯ ಕಲ್ಲಚ್ಚಿನ ಪಟಗಳನ್ನು ಹುಡುಕುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಅಂಥವು ಇದ್ದರೆ, ಸಾಧ್ಯವಾದರೆ ಗಾಜಿನ ಹೊರಗೆ ತೆಗೆದು, ಹಗಲಿನ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ನೇರ ಎದುರಿನಿಂದ, ನಾಲ್ಕೂ ಅಂಚುಗಳು ಪೂರ್ತಿ ಕಾಣುವಂತೆ ಫೋಟೋ ತೆಗೆದು ಕಳುಹಿಸಿ. ಗಾಜಿನ ಹಿಂದೆ ಅಂಟಿಕೊಂಡಿರುವ ಪಟವನ್ನು ಮಾತ್ರ ಬಿಡಿಸಲು ಹೋಗಬೇಡಿ, ಕಾಗದ ಹರಿಯುತ್ತದೆ. ಹಿಂಬದಿಯಲ್ಲಿ ಚೌಕಟ್ಟು ಹಾಕಿಸಿದ ಅಂಗಡಿಯ ಚೀಟಿಯೋ ಊರಿನ ಹೆಸರೋ ಇದ್ದರೆ ಅದರದ್ದೂ ಒಂದು ಫೋಟೋ ಇರಲಿ; ವಿವರಣೆಯಲ್ಲಿ ಅದನ್ನೂ ಸೇರಿಸುತ್ತೇನೆ.