ಹೀರೋ ಹೊಟ್ಟೆಪಾಡಿಗೆ ಏನು ಮಾಡ್ತಾನೆ?

ಈಚೆಗೆ ಸಿನಿಮಾ ನೋಡುವಾಗ ನನಗೊಂದು ಚಟ ಅಂಟಿಕೊಂಡಿದೆ. ಹೀರೋ ಎಂಟ್ರಿ ಮುಗಿದು, ಶಿಳ್ಳೆ ಎಲ್ಲ ನಿಂತ ಮೇಲೆ ಮನಸ್ಸಿನಲ್ಲೇ ಕೇಳುತ್ತೇನೆ: ಸರಿ ಮಾರಾಯ, ನಿನ್ನ ಹೊಟ್ಟೆಪಾಡೇನು? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀಯ? ತಿಂಗಳಾದರೆ ದುಡ್ಡು ಯಾರು ಕೊಡ್ತಾರೆ? ಬಹಳಷ್ಟು ಸಿನಿಮಾಗಳಲ್ಲಿ ಇದಕ್ಕೆ ಉತ್ತರವೇ ಸಿಗುವುದಿಲ್ಲ. ಬೈಕ್ ಇರುತ್ತದೆ, ಹಿಂದೆ ಮುಂದೆ ಹತ್ತು ಜನ ಗೆಳೆಯರಿರುತ್ತಾರೆ, ಫಾರಿನ್‌ನಲ್ಲಿ ಒಂದು ಹಾಡೂ ಇರುತ್ತದೆ. ದುಡಿಮೆ ಮಾತ್ರ ಕಾಣುವುದಿಲ್ಲ.

ಸುಮ್ನೆ ತಕರಾರು ಅಂದುಕೊಳ್ಳಬೇಡಿ. ನಮ್ಮ ಹಳೇ ಸಿನಿಮಾಗಳಲ್ಲಿ ಇದು ಸಲೀಸಾಗಿ ಇತ್ತು. 'ಕಸ್ತೂರಿ ನಿವಾಸ'ದಲ್ಲಿ ರಾಜ್‌ಕುಮಾರ್ ಬೆಂಕಿಪೊಟ್ಟಣದ ಕಾರ್ಖಾನೆ ನಡೆಸುತ್ತಾರೆ. 1972ರ 'ಬಂಗಾರದ ಮನುಷ್ಯ'ದಲ್ಲಿ ಬರಡು ನೆಲಕ್ಕೆ ಕೈ ಹಾಕುವ ರೈತ. 'ಆಟೋ ರಾಜ' ಬಂದಿದ್ದು 1980ರಲ್ಲಿ, ಇವತ್ತಿಗೂ ಆಟೋಗಳ ಹಿಂದೆ ಶಂಕರ್‌ನಾಗ್ ನಗುತ್ತಾ ಕೂತಿರುತ್ತಾರೆ. ಫೈಟ್ ಚೆನ್ನಾಗಿ ಮಾಡಿದರು ಅಂತ ಯಾರೂ ಅಷ್ಟು ವರ್ಷ ಚಿತ್ರ ಅಂಟಿಸಿಕೊಂಡು ಓಡಾಡುವುದಿಲ್ಲ. ನಮ್ಮ ಕೆಲಸ ಮಾಡಿದವನು ಅನ್ನುವ ಅಭಿಮಾನ ಅದು.

ಇದೇ ಪ್ರಶ್ನೆ ಇಟ್ಟುಕೊಂಡು ಈಚೆಗೆ ನೋಡಿದ ಒಂದಷ್ಟು ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೇನೆ. ಕೆಲವು ಥಿಯೇಟರಿನಲ್ಲಿ ನೋಡಿದ್ದು, ಕೆಲವು ತಡವಾಗಿ ಮನೆಯಲ್ಲಿ. ಕಥೆ ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ನೋಡದವರು ಆಮೇಲೆ ಬೈಬೇಡಿ.

ಮೊದಲು ಎಲ್ಲರೂ ಕೇಳುವುದು 'ಕಾಂತಾರ ಚಾಪ್ಟರ್ 1'. 2025ರ ಅಕ್ಟೋಬರ್ 2ಕ್ಕೆ ಬಂತು, 800 ಕೋಟಿ ದಾಟಿತು, ನಾನು ಹೊಗಳಿದರೂ ತೆಗಳಿದರೂ ಅದಕ್ಕೇನೂ ಆಗಬೇಕಾದ್ದಿಲ್ಲ. ರಥದ ದೃಶ್ಯ ಅದ್ಭುತ. ಪಕ್ಕದ ಸೀಟಿನವರು ಅಲ್ಲಿವರೆಗೆ ಫೋನಿನಲ್ಲಿ ಮೆಸೇಜ್ ನೋಡುತ್ತಿದ್ದರು. ರಥ ಉರುಳತೊಡಗಿದ್ದೇ ಫೋನ್ ತೊಡೆ ಮೇಲೆ ಬಿತ್ತು, ಸ್ಕ್ರೀನ್ ಬೆಳಗುತ್ತಲೇ ಇತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಲೋಕನಾಥ್ ಸಂಗೀತ, ನಿರ್ದೇಶಕನೂ ಹೀರೋನೂ ಆದ ರಿಷಬ್ ಶೆಟ್ಟಿಯವರ ಮೈಮೇಲಿನ ಹಿಡಿತ, ಎಲ್ಲ ಸೇರಿ ಒಂದು ಗುಕ್ಕಿನಲ್ಲಿ ಎಳೆದುಕೊಂಡು ಹೋಗುತ್ತವೆ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಬೇರೆಯದು. ಕಾಡಿನ ಜನ ಮೊದಲ ಸಲ ಬಾಂಗ್ರ ಅನ್ನುವ ರಾಜ್ಯದ ಬಂದರಿಗೆ ಬರುತ್ತಾರಲ್ಲ, ಆ ಭಾಗ. ತಾವು ಬೆಳೆದಿದ್ದಕ್ಕೆ ಹೊರಗೆ ಇಷ್ಟು ಬೆಲೆ ಇದೆಯಾ ಅಂತ ಅವರಿಗೆ ಗೊತ್ತಾಗುವ ಹೊತ್ತು. ಉದ್ದುದ್ದ ಭಾಷಣ ಏನೂ ಇಲ್ಲದೆ ಒಂದು ದೊಡ್ಡ ಜಗಳ ಅಲ್ಲೇ ಶುರುವಾಗಿರುತ್ತದೆ: ಬೆಳೆದವನು ಯಾರು, ಬೆಲೆ ಕಟ್ಟುವವನು ಯಾರು, ಹಡಗು ಯಾರದು. ನಾನು ಸೀಟಿನಲ್ಲಿ ಮುಂದೆ ಬಂದು ಕೂತೆ. ಇದನ್ನು ಹಿಡಿದುಕೊಂಡೇ ಹೋಗ್ತಾರೆ ಅಂದುಕೊಂಡೆ. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಯುದ್ಧ ಬಂತು, ಆವೇಶ ಬಂತು, ಬೆಂಕಿ ಬಂತು. ವ್ಯಾಪಾರದ ಲೆಕ್ಕ ಅಲ್ಲಿಗೇ ಚುಕ್ತಾ.

2022ರ 'ಕಾಂತಾರ'ದಲ್ಲಿ ಹೀಗಿರಲಿಲ್ಲ. ಅಲ್ಲಿ ಶಿವ ಏನು ಮಾಡುತ್ತಾನೆ ಅಂತ ನಮಗೆ ಗೊತ್ತು. ಬೇಟೆಗೆ ಹೋಗುತ್ತಾನೆ, ಕಂಬಳ ಓಡಿಸುತ್ತಾನೆ, ಕುಡಿಯುತ್ತಾನೆ, ಅಮ್ಮನ ಹತ್ತಿರ ಬೈಸಿಕೊಳ್ಳುತ್ತಾನೆ. ಅರಣ್ಯ ಇಲಾಖೆಯವರು ಗಡಿ ಹಾಕಲು ಬಂದರೆ ಯಾರ ಒಲೆಗೆ ಸೌದೆ ತಪ್ಪುತ್ತದೆ ಅನ್ನುವುದೂ ಗೊತ್ತು. ಹಾಗಾಗಿ ಕೊನೆಗೆ ದೈವ ಬಂದಾಗ ಮೈ ಜುಮ್ಮೆಂದಿತು. ಚಾಪ್ಟರ್ 1ರಲ್ಲಿ ಹೀರೋ ಬೆರ್ಮೆ ದೊಡ್ಡವನು, ಶೂರ, ಎಲ್ಲ ಸರಿ. ಅವನ ದಿನ ಹೇಗೆ ಕಳೆಯುತ್ತದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಇನ್ನು ಮೊದಲರ್ಧದ ಕಾಮಿಡಿ ಬಗ್ಗೆ ಮಾತಾಡದಿರುವುದೇ ವಾಸಿ. ರುಕ್ಮಿಣಿ ವಸಂತ್ ಮಾತ್ರ ಕನಕವತಿಯಾಗಿ ಇಡೀ ಸಿನಿಮಾದಲ್ಲಿ ಎರಡು ಮುಖ ಇಟ್ಟುಕೊಂಡು ಓಡಾಡುತ್ತಾರೆ. ಎರಡನೇ ಸಲ ನೋಡಿದರೆ ಅವರಿಗಾಗಿಯೇ ನೋಡಬೇಕು.

'ಸು ಫ್ರಮ್ ಸೋ' ನೋಡಿ ನಕ್ಕಷ್ಟು ಈಚೆಗೆ ನಾನು ನಕ್ಕಿಲ್ಲ. ಒಂದು ಊರು, ಎಲ್ಲರ ಮನೆ ವಿಷಯ ಎಲ್ಲರಿಗೂ ಬೇಕು. ಏನಾದರೂ ಸದ್ದಾದರೆ ಇಡೀ ಊರು ಒಂದೇ ಅಂಗಳದಲ್ಲಿ ಬಂದು ನಿಲ್ಲುತ್ತದೆ, ಒಬ್ಬೊಬ್ಬರದೂ ಒಂದೊಂದು ಸಲಹೆ. ನಿರ್ದೇಶಕ ಜೆ.ಪಿ. ತುಮಿನಾಡ್ ಆ ಗುಂಪನ್ನು ನಿಭಾಯಿಸಿರುವ ರೀತಿ ನೋಡಿ. ಹಿಂದೆ ಮೂಲೆಯಲ್ಲಿ ನಿಂತವನಿಗೂ ಒಂದು ಮುಖಭಾವ ಇದೆ. ರಾಜ್ ಬಿ. ಶೆಟ್ಟಿ ಮಾಡಿದ ಕರುಣಾಕರ ಗುರೂಜಿಯ ಹೊಟ್ಟೆಪಾಡಂತೂ ಸ್ಪಷ್ಟ: ದೆವ್ವ ಬಿಡಿಸುವುದು. ದೆವ್ವ ಕಂಡರೆ ಅವರಿಗೇ ಭಯ, ಆದರೂ ಕಸುಬು ಬಿಡುವಂತಿಲ್ಲ. ಇಂಥ ಪಾತ್ರ ಬರೆದವರಿಗೆ ಊರು ಗೊತ್ತು.

ತಕರಾರೂ ಇದೆ. ಇಡೀ ಕಥೆ ಶುರುವಾಗುವುದು ಊರಿನ ಹುಡುಗ ಅಶೋಕ ಒಬ್ಬ ಹುಡುಗಿಯ ಬಚ್ಚಲಿಗೆ ಇಣುಕಲು ಹೋಗಿ ಸಿಕ್ಕಿಬಿದ್ದಿದ್ದರಿಂದ. ತಪ್ಪಿಸಿಕೊಳ್ಳಲು ಮೈಮೇಲೆ ಸುಲೋಚನಾ ಅನ್ನುವ ಸತ್ತ ಹೆಂಗಸಿನ ದೆವ್ವ ಬಂದಂತೆ ನಟಿಸುತ್ತಾನೆ. ನಾವೆಲ್ಲ ನಕ್ಕೆವು, ನಾನೂ ಸೇರಿ. ಇಂಟರ್ವಲ್ ಆದ ಮೇಲೆ ಸುಲೋಚನಾಳ ಮಗಳು ಭಾನು ಬರುತ್ತಾಳೆ, ಅಮ್ಮ ಬಂದಿದ್ದಾಳೆ ಅಂತ ನಂಬಿಕೊಂಡು. ಅವಳ ಕಷ್ಟ ಕೇಳಿ ಸಿನಿಮಾ ಗಂಭೀರವಾಗುತ್ತದೆ. ಒಬ್ಬ ಹೆಣ್ಣಿನ ಕಷ್ಟಕ್ಕೆ ಅಷ್ಟು ಮರುಗುವ ಸಿನಿಮಾ, ಬಚ್ಚಲಲ್ಲಿದ್ದ ಆ ಇನ್ನೊಬ್ಬ ಹುಡುಗಿಗೆ ಏನನ್ನಿಸಿತು ಅಂತ ಒಂದು ಮಾತೂ ಕೇಳುವುದಿಲ್ಲ. ಒಂದು ದೃಶ್ಯ ಸಾಕಿತ್ತು. ಅಶೋಕನಿಗೆ ಅವಳ ಎದುರು ತಲೆ ಎತ್ತಲಾಗದ ಒಂದೇ ಒಂದು ದೃಶ್ಯ.

'ಮ್ಯಾಕ್ಸ್' ಬಗ್ಗೆ ಎರಡೇ ಮಾತು. ಸುದೀಪ್ ಇನ್‌ಸ್ಪೆಕ್ಟರ್. ಡ್ಯೂಟಿಗೆ ಸೇರಬೇಕಾದದ್ದು ಮರುದಿನ, ಅದಕ್ಕೆ ಮೊದಲೇ ಒಂದು ರಾತ್ರಿಯಲ್ಲಿ ಇಡೀ ಸರ್ವೀಸಿನ ಕೆಲಸ ಮುಗಿಸಿಬಿಡುತ್ತಾರೆ. ಸ್ಟೇಷನ್ನಿನಲ್ಲಿ ಹೆದರಿ ಬೆವರುವ ಪೊಲೀಸರ ಮುಖಗಳು ಚೆನ್ನಾಗಿವೆ. ಮುಂದಿನ ತಿಂಗಳ ಸಂಬಳ ಬರುತ್ತೋ ಇಲ್ವೋ ಅನ್ನುವ ಭಯ ಅವರ ಮುಖದಲ್ಲಿ ಇದೆ, ಹೀರೋ ಮುಖದಲ್ಲಿ ಹೇಗೂ ಇರುವುದಿಲ್ಲ.

ಮಲಯಾಳಂನ 'ಲೋಕಾ' ಕೂಡ ನೋಡಿದೆ. ಕಳ್ಳಿಯಂಕಾಟ್ಟು ನೀಲಿ ಅನ್ನುವ ಹಳೇ ಯಕ್ಷಿ ಕಥೆಯನ್ನು ಈಗಿನ ಬೆಂಗಳೂರಿಗೆ ತಂದು ಸೂಪರ್‌ಹೀರೋ ಮಾಡಿದ್ದಾರೆ. ಕಲ್ಯಾಣಿ ಪ್ರಿಯದರ್ಶನ್ ಪಾತ್ರ ಕೆಫೆಯೊಂದರಲ್ಲಿ ಕೆಲಸಕ್ಕೆ ಸೇರುತ್ತದೆ. ಯಕ್ಷಿಗೂ ಒಂದು ಕೆಲಸ ಕೊಟ್ಟರಲ್ಲ ಅಂತ ಖುಷಿಯಾಯಿತು. ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಒಂದು ಡೈಲಾಗ್ ಗಲಾಟೆಯಾಗಿ, ನಿರ್ಮಾಪಕರು ಕ್ಷಮೆ ಕೇಳಿದರು. ಕೇಳಬೇಕಾದ್ದೇ. ನನ್ನ ಬೇಜಾರು ಇನ್ನೊಂದಿದೆ. ಬೆಂಗಳೂರು ಅಷ್ಟು ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿ ಬದುಕುವ ಕನ್ನಡದವರ ಪೈಕಿ ಮನಸ್ಸಿನಲ್ಲಿ ಉಳಿಯುವವನು ಒಬ್ಬ ವಿಲನ್. ನಮ್ಮ ಭೂತ, ಮೋಹಿನಿ ಕಥೆಗಳನ್ನು ನಾವೇ ಹೀಗೆ ಮಾಡಬಹುದಿತ್ತಲ್ಲ ಅಂತಲೂ ಅನ್ನಿಸಿತು.

'ಮಿಥ್ಯ'ಕ್ಕೆ ನನ್ನ ಪ್ರಶ್ನೆ ಸಲ್ಲುವುದಿಲ್ಲ, ಅದರ ಹೀರೋಗೆ 11 ವರ್ಷ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಮುಂಬೈಯಿಂದ ಉಡುಪಿ ಕಡೆಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಆತಿಷ್ ಶೆಟ್ಟಿ ಅನ್ನುವ ಆ ಹುಡುಗ ಕಣ್ಣಲ್ಲೇ ಜಗಳ ಆಡುತ್ತಾನೆ. ಚಿಕ್ಕಪ್ಪನಾಗಿ ಪ್ರಕಾಶ್ ತುಮಿನಾಡ್ ಇದ್ದಾರೆ, ಅವರು ನಗಿಸುವ ನಟ ಅಂತ ಮಾತ್ರ ಗೊತ್ತಿದ್ದವರು ಇದನ್ನು ನೋಡಲೇಬೇಕು. ಎರಡು ಹೊತ್ತು ಊಟ ಹಾಕುವುದಕ್ಕೂ ಒಬ್ಬ ಹುಡುಗನನ್ನು ಮನೆಯವನನ್ನಾಗಿ ಮಾಡಿಕೊಳ್ಳುವುದಕ್ಕೂ ಎಷ್ಟು ದೂರ ಇದೆ ಅಂತ ಅವರ ಕೂರುವ ರೀತಿಯಲ್ಲೇ ಗೊತ್ತಾಗುತ್ತದೆ. 'ಶಾಖಾಹಾರಿ'ಯನ್ನೂ ತಡವಾಗಿ ನೋಡಿದೆ. ಮಲೆನಾಡಿನ ಒಂದು ಸಸ್ಯಾಹಾರಿ ಹೋಟೆಲ್, ಅದನ್ನು ನಡೆಸುವ ಸುಬ್ಬಣ್ಣ, ಒಂದು ಕೊಲೆ. ರಂಗಾಯಣ ರಘು ಅವರಿಂದ ಇಷ್ಟು ವರ್ಷ ಬರೀ ಕಿರುಚಿಸಿದವರ ಮೇಲೆ ಸಿಟ್ಟು ಬಂತು.

ಈಗ 'ಶಿವಮ್ಮ ಯರೇಹಂಚಿನಾಳ'. ಇದನ್ನು ಕೊನೆಗೆ ಇಟ್ಟುಕೊಂಡಿದ್ದೇ ಬೇಕಂತ. ಜೈಶಂಕರ್ ಆರ್ಯರ್ ಸಿನಿಮಾ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು, ನಮ್ಮಲ್ಲಿ ಬಿಡುಗಡೆಯಾಗಿದ್ದು 2024ರ ಜೂನ್‌ನಲ್ಲಿ. ಕೊಪ್ಪಳ ಜಿಲ್ಲೆಯ ಹಳ್ಳಿ, ಬಹುತೇಕ ಅಲ್ಲಿಯವರೇ ನಟರು. ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಡುಗೆಯವಳು. ಗಂಡ ಹಾಸಿಗೆ ಹಿಡಿದಿದ್ದಾನೆ. ಇವಳು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸೇರಿ ಪುಡಿ ಮಾರಲು ಹೊರಡುತ್ತಾಳೆ. ಕುಡಿದರೆ ಎಲ್ಲ ರೋಗ ಹೋಗುತ್ತದೆ ಅನ್ನುವ ಪುಡಿ.

ಬೇರೆಯವರಾಗಿದ್ದರೆ ಇದನ್ನು ಅಯ್ಯೋ ಪಾಪ ಅನ್ನಿಸುವ ಕಥೆ ಮಾಡುತ್ತಿದ್ದರು. ಇಲ್ಲಿ ಶಿವಮ್ಮನಿಗೆ ನಮ್ಮ ಪಾಪ ಬೇಕಾಗಿಯೇ ಇಲ್ಲ. ಚೀಲ ಹಿಡಿದು ಬಿರಬಿರನೆ ನಡೆಯುತ್ತಾಳೆ, ಕ್ಯಾಮೆರಾ ಅವಳ ಹಿಂದೆ ಓಡಬೇಕು. ಬೇಡ ಅಂದವರ ಮನೆ ಬಾಗಿಲಲ್ಲೂ ನಿಂತು ಮಾತಾಡುತ್ತಾಳೆ, ಸುಳ್ಳೂ ಹೇಳುತ್ತಾಳೆ, ನಂಬಿದವರ ದುಡ್ಡನ್ನೂ ಸಿಕ್ಕಿಸುತ್ತಾಳೆ. ಒಂದು ಹಂತದಲ್ಲಿ ಇವಳು ಮೋಸ ಹೋಗುತ್ತಿದ್ದಾಳೋ ಮೋಸ ಮಾಡುತ್ತಿದ್ದಾಳೋ ಅಂತ ನನಗೇ ಗೊತ್ತಾಗಲಿಲ್ಲ. ಬಹುಶಃ ಎರಡೂ. ಹೀಗೆ ನೆಂಟರ ಮನೆಗೆ ಡಬ್ಬ ಹಿಡಿದು ಬರುವವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಅವರು ಬರುತ್ತಿದ್ದಾರೆ ಅಂದರೆ ಒಳಗೆ ಹೋಗಿ ಕೂತಿದ್ದೇವೆ. ಬಾಗಿಲ ಆ ಕಡೆ ನಿಂತವಳ ಲೆಕ್ಕಾಚಾರ ಏನಿತ್ತು ಅಂತ ತೋರಿಸಿದ ಕನ್ನಡ ಸಿನಿಮಾ ನಾನು ನೋಡಿದ ಮಟ್ಟಿಗೆ ಇದೊಂದೇ. ಶರಣಮ್ಮ ಚಟ್ಟಿ ಅವರು ಶಿವಮ್ಮ ಆಗಿ ನಟಿಸಿದ್ದಾರೆ ಅಂತ ಬರೆಯಲೂ ಕೈ ತಡೆಯುತ್ತದೆ, ಅಷ್ಟು ಸಹಜ.

ಅಂದಹಾಗೆ ಶಿವಮ್ಮನಿಗೆ ದುಡ್ಡು ಹಾಕಿದ ನಿರ್ಮಾಪಕ ಇದೇ ರಿಷಬ್ ಶೆಟ್ಟಿ. ಅದಕ್ಕೇ ಅವರ ದೊಡ್ಡ ಸಿನಿಮಾ ಮೇಲೆ ನನಗೆ ಮುನಿಸು ಜಾಸ್ತಿ. ಹೊಟ್ಟೆಪಾಡಿನ ಲೆಕ್ಕ ಇಷ್ಟು ಗೊತ್ತಿರುವ ಮನುಷ್ಯ ಅದನ್ನು ಅಲ್ಲಿ ಯಾಕೆ ಕೈಬಿಟ್ಟರು? ಬಾಂಗ್ರದ ಬಂದರಿನಲ್ಲಿ ಒಂದು ಹತ್ತು ನಿಮಿಷ ಶಿವಮ್ಮನನ್ನು ಚೌಕಾಸಿಗೆ ನಿಲ್ಲಿಸಬೇಕಿತ್ತು. ಯುದ್ಧದವರೆಗೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ, ರಾಜನೇ ಅವಳ ಹತ್ತಿರ ಎರಡು ಡಬ್ಬ ಪುಡಿ ಕೊಂಡು ಅರಮನೆಗೆ ಹೋಗುತ್ತಿದ್ದ.