ಅರಮನೆ ಹೋಯ್ತು, ನಾಯಿಮನೆ ಉಳೀತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಊರಿನ ಡ್ಯೂಕ್ ಮನೆತನದವರು ಮೂರನೆಯದೊಂದನ್ನೂ ಮಾಡಿ ನೋಡಿದರು. ಕಟ್ಟಿದ ಮನೆಯ ಬುಡ ಅಗೆದರು.

ಹ್ಯಾಮಿಲ್ಟನ್ ಇರುವುದು ಗ್ಲಾಸ್ಗೋ ಪಕ್ಕದಲ್ಲಿ. ಒಂದು ಕಾಲಕ್ಕೆ ಅದು 'ಬರೋ', ಅಂದರೆ ಸ್ವಂತ ಆಡಳಿತ, ಸ್ವಂತ ಸಂತೆಯ ಹಕ್ಕು ಇದ್ದ ಪಟ್ಟಣ. 1975ರಲ್ಲಿ ಸ್ಕಾಟ್ಲೆಂಡಿನ ಎಲ್ಲ ಬರೋಗಳನ್ನೂ ಒಂದೇ ಏಟಿಗೆ ರದ್ದು ಮಾಡಿದರು. ಆದರೆ ಹ್ಯಾಮಿಲ್ಟನ್ನಿನಲ್ಲಿ ಕೆಡವುವ ಕೆಲಸ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿತ್ತು.

ಮೊದಲು ಊರಿನ ಸರದಿ. ಹಳೇ ಪಟ್ಟಣ ಅರಮನೆಯ ಮಗ್ಗುಲಲ್ಲೇ ಇತ್ತು. ದೊಡ್ಡವರ ಮನೆ ಪಕ್ಕ ಸಣ್ಣವರ ಮನೆ ಇದ್ದರೆ ಕಣ್ಣಿಗೆ ಹಿತವಲ್ಲ, ಅಲ್ವಾ? ಡ್ಯೂಕ್‌ಗಳು ಒಂದೊಂದೇ ಜಾಗ ಕೊಂಡುಕೊಂಡು ತೋಟ ಹಿಗ್ಗಿಸಿದರು. ಊರು ಸುಮ್ನೆ ಗುಡ್ಡದ ಕಡೆ ಸರಿದುಕೊಂಡಿತು. ಹಳೇ ಚರ್ಚು ಕೂಡ ಅಡ್ಡ ಬಂತು. ಅದನ್ನೂ ಕೆಡವಿ, ಊರಿಗೆ ಮೇಲುಗಡೆ ಹೊಸದೊಂದನ್ನು ಕಟ್ಟಿಸಿಕೊಟ್ಟರು. ದೇವರಿಗೂ ಪುನರ್ವಸತಿ.

ಹೀಗೆ ಜಾಗ ಮಾಡಿಕೊಂಡು ಬೆಳೆದ ಅರಮನೆಯ ಮುಂಭಾಗ 264 ಅಡಿ ಉದ್ದ. ಅದನ್ನು ಅಷ್ಟು ಉದ್ದ ಎಳೆದವರು ಹತ್ತನೇ ಡ್ಯೂಕ್ ಅಲೆಕ್ಸಾಂಡರ್. ಅವರಿಗೆ 'ಎಲ್ ಮ್ಯಾಗ್ನಿಫಿಕೊ', ಅಂದರೆ ವೈಭವಶಾಲಿ, ಅಂತ ಅಡ್ಡಹೆಸರು. ಒಳಗೆ ರೂಬೆನ್ಸ್ ಬರೆದ ಸಿಂಹದ ಗವಿಯ ಚಿತ್ರದಂಥ ಸಾಮಾನು. ಇಷ್ಟಕ್ಕೆಲ್ಲ ದುಡ್ಡು? ನೆಲದಡಿ ಕಲ್ಲಿದ್ದಲು ಇತ್ತಲ್ಲ.

ಆಮೇಲೆ ಹನ್ನೆರಡನೇ ಡ್ಯೂಕ್ ಬಂದರು. ಸಾಲ ಜಾಸ್ತಿಯಾಯಿತು. 1882ರಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಹರಾಜು ಇಟ್ಟರು. ಕೂಗುವುದಕ್ಕೇ 17 ದಿನ ಹಿಡಿಯಿತು. ಹುಟ್ಟಿದ್ದು ನಾಲ್ಕು ಲಕ್ಷ ಪೌಂಡಿನ ಹತ್ತಿರ ಹತ್ತಿರ. ಚಿತ್ರ, ಕುರ್ಚಿ, ಮೇಜು ಹೋದವು. ಗೋಡೆ ಉಳಿಯಿತು. ಮತ್ತು ಗೋಡೆಯ ಕೆಳಗೆ ಕಲ್ಲಿದ್ದಲು ಉಳಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕೂತ ಕೊಂಬೆ ಕಡಿಯುವ ಕಥೆ ನಾವೆಲ್ಲ ಕೇಳಿದ್ದೇವೆ. ಅದರಲ್ಲಿ ಕಡಿಯುವವನು ಪಾಪ, ತಾನೇ ಕೊಡಲಿ ಹಿಡಿದಿರುತ್ತಾನೆ. ಇಲ್ಲಿ ಕೊಡಲಿ ಹಿಡಿದವರು ಕೂಲಿಯವರು. ಕೊಂಬೆಯ ಮೇಲೆ ಕೂತವರು ಬಾಡಿಗೆ ಎಣಿಸುತ್ತಿದ್ದರು. ಅರಮನೆಯ ಹೆಸರಲ್ಲೇ ಒಂದು ಗಣಿ ಇತ್ತು, ಹ್ಯಾಮಿಲ್ಟನ್ ಪ್ಯಾಲೇಸ್ ಕೋಲಿಯರಿ! ನೆಲ ಕುಸಿಯಿತು. ಗೋಡೆ ಬಿರುಕು ಬಿಟ್ಟಿತು. ಮೊದಲ ಮಹಾಯುದ್ಧದಲ್ಲಿ ಅರಮನೆಯನ್ನು ನೌಕಾಪಡೆಯ ಆಸ್ಪತ್ರೆಗೆ ಕೊಟ್ಟಿದ್ದರು. ಗಾಯಾಳುಗಳು ವಾಸಿಯಾಗಿ ಹೋದರು, ಕಟ್ಟಡ ವಾಸಿಯಾಗಲಿಲ್ಲ. 1920ರ ದಶಕದಲ್ಲಿ ಬಿಚ್ಚಿ ಹಾಕಿದರು. ಬಿಚ್ಚುವ ಮೊದಲು ಕೋಣೆಗಳ ಮರದ ಕೆತ್ತನೆಯನ್ನೂ ಮಾರಿದರು. ಊಟದ ಕೋಣೆ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನ ಮ್ಯೂಸಿಯಂ ಸೇರಿತು. ಮನೆ ಕಳಕೊಂಡವರ ಬಗ್ಗೆ ಕೇಳಿದ್ದೆ. ಊಟದ ಕೋಣೆ ಒಂದೇ ವಲಸೆ ಹೋದದ್ದನ್ನು ಮೊದಲ ಸಲ ಕೇಳಿದೆ.

ಹಾಗಾದರೆ ಉಳಿದಿದ್ದು ಏನು? ನಾಯಿಮನೆ.

ತಮಾಷೆಯಲ್ಲ. ಅರಮನೆಯ ಎದುರು ಗುಡ್ಡದ ಮೇಲೆ, ಉದ್ದನೆಯ ಸಾಲುಮರದ ಹಾದಿಯ ತುದಿಗೆ, 1730ರ ದಶಕದಲ್ಲಿ ವಿಲಿಯಂ ಆಡಂ ಎಂಬ ವಾಸ್ತುಶಿಲ್ಪಿ ಒಂದು ಬೇಟೆ ಬಂಗಲೆ ಕಟ್ಟಿದ. ದೂರದಿಂದ ನೋಡಿದರೆ ಅದೂ ಇನ್ನೊಂದು ಅರಮನೆ. ಹತ್ತಿರ ಹೋದರೆ ಮುಂದೆ ಗೋಡೆಯ ಗತ್ತು ಜಾಸ್ತಿ, ಹಿಂದೆ ಮನೆ ಕಡಿಮೆ. ಹೆಸರು ಮಾತ್ರ ಫ್ರೆಂಚ್ ಜಾಗೀರಿನದು, ಶಾಟೆಲ್‌ಹೆರೋ. ಕಟ್ಟಿದವನು ಅದನ್ನು 'ಡಾಗ್ ಕೆನೆಲ್' ಅಂತಲೇ ಕರೆದಿದ್ದ. ಬೇಟೆ ನಾಯಿಗಳನ್ನು ಅಲ್ಲೇ ಇಡುತ್ತಿದ್ದರು. ಗಣಿ ಅದನ್ನೂ ಬಿಡಲಿಲ್ಲ, ಒಂದು ಕಡೆ ವಾಲಿಸಿತು. ಆದರೂ ಬೀಳಲಿಲ್ಲ. ಸರ್ಕಾರ ದುಡ್ಡು ಸುರಿದು ದುರಸ್ತಿ ಮಾಡಿಸಿ 1987ರಲ್ಲಿ ಜನರಿಗೆ ತೆರೆಯಿತು. ಇವತ್ತು ಅಲ್ಲಿ ನಿಂತು ಕೆಳಗೆ ನೋಡಿದರೆ ಅರಮನೆ ಇದ್ದ ಜಾಗದಲ್ಲಿ ಆಟದ ಮೈದಾನ. ಯಜಮಾನರ ಮನೆ ಎಲ್ಲಿ ಹೋಯಿತು ಅಂತ ನಾಯಿಗಳೇ ಕೇಳಬೇಕು.

ಈ ಊರಲ್ಲಿ ಎತ್ತರಕ್ಕೆ ಕೊರತೆಯೇನೂ ಆಗಲಿಲ್ಲ. 1960ರ ದಶಕದಲ್ಲಿ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡವನ್ನು ಹೋಲುವ ಒಂದು ಗಾಜಿನ ಗೋಪುರ ಕಟ್ಟಿಕೊಂಡರು. ಲೋಕದ ಜಗಳ ಬಗೆಹರಿಸಲು ಅಲ್ಲ, ರಸ್ತೆ, ನೀರು, ತೆರಿಗೆಯ ಕಡತ ಇಡಲು. ಅದಕ್ಕೀಗ ಪಾರಂಪರಿಕ ಕಟ್ಟಡದ ರಕ್ಷಣೆ ಇದೆ.

ಅರಮನೆಯ ಹೆಸರಿನ ಆ ಗಣಿ ಏನಾಯಿತು ಅಂತೀರಾ? 1959ರಲ್ಲಿ ಮುಚ್ಚಿತು. ಅದರ ಕೂಲಿಗಳಿದ್ದ ಬಾತ್‌ವೆಲ್‌ಹಾ ಹಳ್ಳಿಯನ್ನು ಜನ ಆಡುಮಾತಲ್ಲಿ 'ಪ್ಯಾಲಿಸ್' ಅಂತಿದ್ದರು. ಅರಮನೆ ಬಿದ್ದ ಮೇಲೂ ಆ ಹೆಸರು ಕೂಲಿ ಕೇರಿಯಲ್ಲಿ ಬಾಳಿತು. ಆಮೇಲೆ ಆ ಕೇರಿಯನ್ನೂ ಕೆಡವಿ, 1970ರ ದಶಕದಲ್ಲಿ ಅಲ್ಲೊಂದು ಕೆರೆ ಮಾಡಿ ದೋಣಿ ಬಿಟ್ಟರು.

ಈಗ ಬಾಕಿ ಇರುವುದು ಗೋರಿ. ಎಲ್ ಮ್ಯಾಗ್ನಿಫಿಕೊ ಸಾಹೇಬರು 1842ರಲ್ಲಿ ಗುಮ್ಮಟದ ಗೋರಿ ಶುರು ಮಾಡಿಸಿದರು. ಮಲಗಲು ಈಜಿಪ್ಟಿನ ಕಲ್ಲಿನ ಪೆಟ್ಟಿಗೆಯನ್ನೂ ತರಿಸಿಟ್ಟುಕೊಂಡರು. 1852ರಲ್ಲಿ ತೀರಿಕೊಂಡಾಗ ಪೆಟಿಗ್ರೂ ಎಂಬ ವೈದ್ಯ ಬಂದು ಅವರನ್ನು ಮಮ್ಮಿ ಮಾಡಿದ. ಆ ವೈದ್ಯನಿಗೂ 'ಮಮ್ಮಿ ಪೆಟಿಗ್ರೂ' ಅಂತಲೇ ಹೆಸರು. ಪೆಟ್ಟಿಗೆ ಗಿಡ್ಡವಾಗಿ ಸಾಹೇಬರ ಕಾಲು ಕತ್ತರಿಸಬೇಕಾಯಿತು ಅಂತ ಊರವರು ಕಥೆ ಕಟ್ಟಿದ್ದಾರೆ. ತೋಟಕ್ಕಾಗಿ ಊರನ್ನೇ ಒತ್ತರಿಸಿದ ಮನೆತನಕ್ಕೆ ಕೊನೆಗೆ ಕಾಲು ಚಾಚಲು ಜಾಗ ಸಾಲದೇ ಹೋಯಿತು ಅನ್ನುವುದು ಜನರಿಗೆ ಬಲು ಇಷ್ಟವಾಗಿರಬೇಕು. ಗೋರಿ ಮುಗಿದದ್ದು 1858ರಲ್ಲಿ. 1921ರಲ್ಲಿ ಅಲ್ಲಿದ್ದ ಹೆಣಗಳನ್ನೆಲ್ಲ ಊರಿನ ಬೆಂಟ್ ಸ್ಮಶಾನಕ್ಕೆ ಸಾಗಿಸಿದರು. ನೆಲ ಕುಸಿದು ಗೋರಿಯೂ ಹದಿನೆಂಟಿಪ್ಪತ್ತು ಅಡಿ ಕೆಳಗಿಳಿಯಿತು ಅನ್ನುತ್ತಾರೆ. ಆದರೆ ನೆಟ್ಟಗೆ ಇಳಿಯಿತು. ಖಾಲಿಯಾಗಿ, ಗತ್ತಿನಿಂದ, ಇನ್ನೂ ನಿಂತಿದೆ.

ಮೇಲಿನ ಹಾಲ್ ಪ್ರಾರ್ಥನೆಗೆ ಅಂತ ಕಟ್ಟಿದ್ದು. ಪಾದ್ರಿ ಒಂದು ಮಾತಾಡಿದರೆ ಗೋಡೆ ಹತ್ತು ಮಾತಾಡುತ್ತಿತ್ತು, ಹಾಗಾಗಿ ಪ್ರಾರ್ಥನೆಗೆ ಬರಲೇ ಇಲ್ಲ. ಬಾಗಿಲು ದಢಾರ್ ಅಂತ ಹಾಕಿದರೆ 15 ಸೆಕೆಂಡ್ ಮಾರ್ದನಿ. ಜಗತ್ತಿನಲ್ಲೇ ಉದ್ದನೆಯದು ಅಂತ ಬಹಳ ಕಾಲ ಹೆಸರು ಮಾಡಿತ್ತು. ಡ್ಯೂಕ್ ಮನೆತನದ ಎಲ್ಲ ವೈಭವದಲ್ಲಿ ಹರಾಜಾಗದೆ ಉಳಿದದ್ದು ಇದೊಂದು ಸದ್ದು. 2014ರಲ್ಲಿ ಗಿನ್ನೆಸ್‌ನವರು ಆ ದಾಖಲೆಯನ್ನೂ ಬೇರೆಯವರಿಗೆ ಕೊಟ್ಟರು. ಸ್ಕಾಟ್ಲೆಂಡಿನವರಿಗೇ, ಇನ್ವರ್‌ಗಾರ್ಡನ್ ಹತ್ತಿರ ಗುಡ್ಡದೊಳಗೆ ನೌಕಾಪಡೆಯವರು ಕೊರೆದಿದ್ದ ಒಂದು ಹಳೇ ಎಣ್ಣೆ ಟ್ಯಾಂಕಿಗೆ.